ಚಾರ್‌ಮಿನಾರ್ ರೂಪಾಯಿಯ ಲೆಕ್ಕ

ನಾಗಪುರದ ಸಿವಿಲ್ ಲೈನ್ಸ್‌ನಲ್ಲಿರುವ ನಮಗೆ ನಾಣ್ಯದ ಮಾತು ಹೊಸದೇನಲ್ಲ. ರಿಜರ್ವ್ ಬ್ಯಾಂಕಿನ ಕಚೇರಿ ಇಲ್ಲಿಯೇ ಉಂಟು. ಊರವರು ಅಜಬ್ ಬಂಗಲೆಯೆಂದು ಕರೆಯುವ ವಸ್ತುಸಂಗ್ರಹಾಲಯದಲ್ಲಿ ಹಳೆಯ ನಾಣ್ಯಗಳೂ ಉಂಟು. ಆದರೆ ರಾಯಚೂರು, ಕಲಬುರ್ಗಿ, ಬೀದರ ಕಡೆಯ ಮನೆಗಳ ಪೆಟ್ಟಿಗೆಯ ತಳದಲ್ಲಿ ಸಿಗುವ ಒಂದು ನಾಣ್ಯದ ಕಥೆ ನಮ್ಮ ಮಕ್ಕಳಿಗೆ ತಿಳಿದಿರಬೇಕು. ಅದೇ ನಿಜಾಮರ ಹಾಲಿ ಸಿಕ್ಕಾ.

1947ಕ್ಕೆ ಮೊದಲು ತುಂಗಭದ್ರೆಯ ಉತ್ತರ ದಡದ ಆನೆಗೊಂದಿ ನಿಜಾಮರ ಸೀಮೆ. ದಕ್ಷಿಣ ದಡದ ಹಂಪೆ ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆ. ಎರಡೂ ಕಡೆ ಕನ್ನಡವೇ. ಆದರೂ ಹರಿಗೋಲು ಎದುರು ದಡ ಮುಟ್ಟಿದೊಡನೆ ರೂಪಾಯಿ ಬೇರೆಯಾಗುತ್ತಿತ್ತು. ಅತ್ತ ಹಾಲಿ, ಇತ್ತ ಬ್ರಿಟಿಷರ ಕಲ್ದಾರ್. ಗಡಿಯ ಸಂತೆಗಳ ಚಿಲ್ಲರೆಯಲ್ಲಿ ಎರಡೂ ಬೆರೆಯುವುದು ಸಹಜವೇ.

7 ಹಾಲಿ ರೂಪಾಯಿಗೆ 6 ಕಲ್ದಾರ್ ರೂಪಾಯಿ, ಇದು ದರ. ಕಾರಣ ಬೆಳ್ಳಿಯಲ್ಲಿತ್ತು. 1940ಕ್ಕೆ ಮೊದಲಿನ ಕಲ್ದಾರ್ 11.66 ಗ್ರಾಂ ತೂಗುತ್ತಿತ್ತು. ಅದರಲ್ಲಿ ನೂರಕ್ಕೆ 91.7 ಪಾಲು ಬೆಳ್ಳಿ. ಹಾಲಿಯ ತೂಕ ಸುಮಾರು 11.18 ಗ್ರಾಂ, ಬೆಳ್ಳಿ ನೂರಕ್ಕೆ 81.8 ಪಾಲು. ಮಕ್ಕಳು ಗುಣಿಸಿ ನೋಡಲಿ, ಏಳಕ್ಕೆ ಆರರ ಲೆಕ್ಕವೇ ಹೆಚ್ಚುಕಡಿಮೆ ಬರುತ್ತದೆ.

ಕಲ್ದಾರ್ ಎಂದು ನಂಬಿ ಹಾಲಿ ರೂಪಾಯಿ ಪಡೆದವನಿಗೆ 2 ಆಣೆಗೂ ಮೀರಿದ ನಷ್ಟ. ಸಾಹುಕಾರನಿಗೆ ಅದು ಅಲ್ಪ. ಕೂಲಿಯವನಿಗೆ ಮನೆಮಂದಿಯ ಗಂಜಿಯ ಪ್ರಶ್ನೆ. ಚಿನಿವಾರನ ಬಳಿ ಬದಲಿಸಲು ಹೋದರೆ ಅವನ ವಟ್ಟ ಬೇರೆ.

ಓದು ಬಾರದವರಿಗೆ ಚಿತ್ರವೇ ಗುರುತು. ರಾಜನ ತಲೆಯಿದ್ದರೆ ಕಲ್ದಾರ್, ಚಾರ್‌ಮಿನಾರ್ ಇದ್ದರೆ ಹಾಲಿ. ಕಡೆಯ ನಿಜಾಮ ಉಸ್ಮಾನ್ ಅಲಿ ಖಾನರ ನಾಣ್ಯದಲ್ಲಿ ಚಾರ್‌ಮಿನಾರಿನ ಬಾಗಿಲೊಳಗೆ ಅವರ ಹೆಸರಿನ ಮೊದಲ ಉರ್ದು ಅಕ್ಷರ ‘ಐನ್’ ಕಾಣುತ್ತದೆ. ಕನ್ನಡದ ಅಕ್ಷರಗಳಿಗೆ ನಾಣ್ಯದಲ್ಲಿ ಎಡೆಯಿರಲಿಲ್ಲ. ನೋಟುಗಳ ಮೇಲೆ ಮಾತ್ರ ಉರ್ದು, ಮರಾಠಿ, ತೆಲುಗುಗಳೊಡನೆ ಕನ್ನಡವೂ ಇತ್ತು.

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತದಲ್ಲಿ ಸೇರಿತು. 1950ರ ದಶಕದಲ್ಲಿ ಹಾಲಿ ಸಿಕ್ಕಾ ಚಲಾವಣೆಯಿಂದ ಸರಿಯಿತು. 1956ರ ನವೆಂಬರ್ 1ರಂದು ನದಿಯ ಎರಡು ದಡಗಳೂ ಒಂದೇ ರಾಜ್ಯವಾದುವು. ಹೊಳೆ ಅಂದೂ ಒಂದೇ, ಮಾತು ಅಂದೂ ಒಂದೇ. ಪರದೇಶಿಯಾಗಿದ್ದುದು ಜೇಬಿನ ರೂಪಾಯಿ ಮಾತ್ರ.

ಆ ಲೆಕ್ಕವನ್ನು ಬಾಯಲ್ಲೇ ಮಾಡುತ್ತಿದ್ದ ಹಿರಿಯರು ಈಗ ವಿರಳ. ವಾಚಕರೇ, ನಿಮ್ಮ ಪೆಟ್ಟಿಗೆಯಲ್ಲಿ ಚಾರ್‌ಮಿನಾರ್ ಸಿಕ್ಕರೆ ಬೆಳ್ಳಿಯ ಆಸೆಗೆ ಕರಗಿಸಬೇಡಿ. ಯಾವ ಊರಿನದು, ಯಾರ ಗಳಿಕೆ ಎಂದು ಮನೆಯ ಹಿರಿಯರನ್ನು ಕೇಳಿ, ಒಂದು ಚೀಟಿಯಲ್ಲಿ ಬರೆದು, ನಾಣ್ಯದ ಜೊತೆಗೇ ಇಡಿ.