ಹೆಸರು ಮಹಾರಾಜರದು, ಕೆಲಸ ದಿವಾನರದು: ಹಾಗಾದ್ರೆ ಕೇಳೋದು ಯಾರನ್ನ?

ನಾನಿರೋದು ಬೆಂಗಳೂರಿನ ಉತ್ತರಕ್ಕೆ, ಸೋಲದೇವನಹಳ್ಳಿಯಲ್ಲಿ. ಈ ಊರಿಗೂ ಇವತ್ತಿನ ವಿಷಯಕ್ಕೂ ಒಂದು ನಂಟಿದೆ. ವಿಷಯ ಏನಪ್ಪಾ ಅಂದ್ರೆ, ರಾಜ ತನ್ನ ಅಧಿಕಾರವನ್ನ ಇನ್ನೊಬ್ಬರ ಕೈಗೆ ಕೊಡೋದು ಹೇಗೆ? ಕೊಟ್ಟ ಮೇಲೆ ಅದು ಯಾರದು?

1894ರಲ್ಲಿ ಬೆಂಗಳೂರಿಗೆ ಕೊಳವೆ ನೀರು ತರೋ ಯೋಜನೆ ಶುರುವಾಯ್ತು. ಹೆಸರಘಟ್ಟ ಕೆರೆಯಿಂದ ನೀರು ಇಳಿಜಾರಿನಲ್ಲಿ ತಾನಾಗಿಯೇ ಸೋಲದೇವನಹಳ್ಳಿಗೆ ಹರಿದು ಬರ್ತಿತ್ತು. ಇಲ್ಲಿಂದ ಉಗಿ ಯಂತ್ರದ ಪಂಪುಗಳು ಅದನ್ನ ನಗರಕ್ಕೆ ತಳ್ಳುತ್ತಿದ್ದವು. ಯೋಜನೆಯ ಹೆಸರು ಚಾಮರಾಜೇಂದ್ರ ವಾಟರ್ ವರ್ಕ್ಸ್. ಅಂದ್ರೆ ಮಹಾರಾಜರ ಹೆಸರು. ಮಾಡಿಸಿದವರು ದಿವಾನ್ ಕೆ. ಶೇಷಾದ್ರಿ ಅಯ್ಯರ್.

ದಿವಾನ ಅಂದ್ರೆ ಯಾರು? ಮನೆಯ ಬೀಗದ ಕೈ ಗೊಂಚಲು ಸೊಸೆಯ ಸೊಂಟದಲ್ಲಿ, ಮನೆ ಮಾತ್ರ ಅತ್ತೆಯದು ಅಂತೀವಲ್ಲ, ಹೆಚ್ಚುಕಡಿಮೆ ಹಾಗೆ. ಕಂದಾಯ, ರಸ್ತೆ, ನೀರು, ಶಾಲೆ, ಎಲ್ಲ ಇಲಾಖೆಗಳ ಮೇಲ್ವಿಚಾರಣೆ ದಿವಾನರದು. ನೇಮಿಸೋದು ಮಹಾರಾಜರು, ದೊಡ್ಡ ತೀರ್ಮಾನಗಳಿಗೆ ಒಪ್ಪಿಗೆ ಕೊಡೋದೂ ಅವರೇ. ಮಹಾರಾಜರ ಮೇಲೆ ಬ್ರಿಟಿಷರು ಬೇರೆ ಇದ್ರು. 1831ರಲ್ಲಿ ಆಡಳಿತ ಕಿತ್ತುಕೊಂಡವರು 1881ರಲ್ಲಿ ಷರತ್ತು ಹಾಕಿಯೇ ವಾಪಸ್ ಕೊಟ್ಟಿದ್ದು.

ಸರಿ, ಬೀಗದ ಕೈ ಕೊಟ್ಟ ರಾಜನೇ ಇಲ್ಲದಿದ್ರೆ? 1894ರ ಡಿಸೆಂಬರ್‌ನಲ್ಲಿ ಚಾಮರಾಜೇಂದ್ರ ಒಡೆಯರ್ ಕಲ್ಕತ್ತದಲ್ಲಿ ತೀರಿಕೊಂಡರು. ಮಗ ನಾಲ್ವಡಿ ಕೃಷ್ಣರಾಜರಿಗೆ ಆಗ ಹತ್ತು ವರ್ಷ. ತಾಯಿ ವಾಣಿವಿಲಾಸ ಸನ್ನಿಧಾನ 1902ರವರೆಗೆ ರಾಜಪ್ರತಿನಿಧಿಯಾಗಿದ್ದರು. ಶೇಷಾದ್ರಿ ಅಯ್ಯರ್ 1901ರವರೆಗೂ ದಿವಾನರಾಗಿ ಮುಂದುವರಿದರು. ಅಂದ್ರೆ ಸಿಂಹಾಸನದಲ್ಲಿ ಮಗು ಇದ್ದರೂ ಕಚೇರಿ ನಡೀತಿತ್ತು. ಈ ವ್ಯವಸ್ಥೆಯ ಬಲ ಇರೋದೇ ಇಲ್ಲಿ.

ಮಿತಿ ಎಲ್ಲಿದೆ ಅಂತ ತಿಳಿಯೋಕೆ 1918ಕ್ಕೆ ಬನ್ನಿ. ದಿವಾನರು ಸರ್ ಎಂ. ವಿಶ್ವೇಶ್ವರಯ್ಯ. ಸರ್ಕಾರಿ ಕೆಲಸಗಳಲ್ಲಿ ಬ್ರಾಹ್ಮಣೇತರರಿಗೆ ಪಾಲು ಬೇಕು ಅನ್ನೋ ಕೂಗು ಜೋರಾಗಿತ್ತು. ನಾಲ್ವಡಿಯವರು ಅದನ್ನ ಪರಿಶೀಲಿಸೋಕೆ ಮಿಲ್ಲರ್ ಸಮಿತಿ ನೇಮಿಸಿದರು. ಇಬ್ಬರ ಅಭಿಪ್ರಾಯ ಕೂಡಲಿಲ್ಲ. ವಿಶ್ವೇಶ್ವರಯ್ಯ ಹುದ್ದೆ ಬಿಟ್ಟರು. ಎಷ್ಟೇ ದೊಡ್ಡ ದಿವಾನರಾದರೂ ಕೊನೆಯ ಮಾತು ಅಧಿಕಾರ ಕೊಟ್ಟವರದೇ.

ಇದರ ಮಧ್ಯೆ ಜನ ಎಲ್ಲಿದ್ರು? 1881ರಲ್ಲೇ ದಿವಾನ್ ರಂಗಾಚಾರ್ಲು ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆ ಶುರುವಾಗಿತ್ತು. ಅಲ್ಲಿ ದಿವಾನರು ವರ್ಷದ ಆಡಳಿತದ ಲೆಕ್ಕ ಒಪ್ಪಿಸ್ತಿದ್ರು, ಸದಸ್ಯರು ಕಷ್ಟ ಹೇಳಿಕೊಳ್ತಿದ್ರು. ಆದರೆ ದಿವಾನರನ್ನ ಇಳಿಸೋ ಅಧಿಕಾರ ಸಭೆಗಿರಲಿಲ್ಲ. ನಲ್ಲಿಯಲ್ಲಿ ನೀರು ಬಂದ್ರೆ ಪುಣ್ಯ, ಬರದಿದ್ರೆ ಅರ್ಜಿ. ಒಳ್ಳೆ ದಿವಾನ ಸಿಗೋದು ಜನರ ಅದೃಷ್ಟ, ಹಕ್ಕಲ್ಲ.

ಅದಕ್ಕೇ 1947ರಲ್ಲಿ, ಸ್ವಾತಂತ್ರ್ಯ ಬಂದ ಮೇಲೂ, ಜನ 'ಮೈಸೂರು ಚಲೋ' ಅಂತ ಬೀದಿಗಿಳೀಬೇಕಾಯ್ತು. ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿ ಮೊದಲ ಮುಖ್ಯಮಂತ್ರಿಯಾದರು.

ಈಗಲೂ ಸಂವಿಧಾನದ 164ನೇ ವಿಧಿ ತೆಗೆದು ನೋಡಿ. ಮುಖ್ಯಮಂತ್ರಿಯನ್ನ ನೇಮಿಸೋದು ರಾಜ್ಯಪಾಲರು. ಓದಿದ್ರೆ ಹಳೇ ದರ್ಬಾರಿನ ಭಾಷೆ ಅನ್ನಿಸುತ್ತೆ. ಆದರೆ ಅದೇ ವಿಧಿಯಲ್ಲಿ ಇನ್ನೊಂದು ಮಾತಿದೆ: ಮಂತ್ರಿಮಂಡಲ ಉತ್ತರ ಕೊಡಬೇಕಾದದ್ದು ವಿಧಾನಸಭೆಗೆ. ವಿಧಾನಸಭೆಯನ್ನ ಆರಿಸೋರು ನಾವು.

ಹಾಗಾಗಿ ನಿಮ್ಮ ಬೀದಿಗೆ ನೀರು ಬಂದಿಲ್ಲ ಅಂದ್ರೆ, 'ಯಾರೋ ದೊಡ್ಡೋರು ನೋಡ್ಕೋತಾರೆ ಬಿಡು' ಅಂತ ಸುಮ್ಮನಾಗಬೇಡಿ. ಈಗ ಬೀಗದ ಕೈ ಕೊಟ್ಟಿರೋದು ನೀವು. ಲೆಕ್ಕ ಕೇಳಿ. ಮತ್ತೆ ಸಿಗೋಣ.