ಎರಡು ಸೀಟಿನ ಸುಂದರಿಗೆ ಸೋತೆನೇ?

ತೆರೆಯ ಮೇಲೆ ಹೀರೋ ಓಪನ್ ಕಾರಿನಲ್ಲಿ ಬಂದರೆ ಶಿಳ್ಳೆ ಹೊಡೆಯದವರು ಯಾರಿದ್ದಾರೆ ಮಿತ್ರರೇ? ನಾನೂ ಹೊಡೆದವನೇ. ಬೆಂಗಳೂರಿನಲ್ಲಿ ಮಾರಾಟಕ್ಕಿದ್ದ ಹಳೇ ಕೆಂಪು ‘ಸ್ಯಾನ್ ಸ್ಟಾರ್ಮ್’ ಕಂಡಾಗ ಎದೆ ಡವಡವ! ಗೋವಾದಲ್ಲಿ ತಯಾರಾಗುತ್ತಿದ್ದ ಕಾರು. ಫೈಬರ್ ಮೈ, 1149 ಸಿಸಿ ರೆನೋ ಎಂಜಿನ್. ಈಗ ತಯಾರಿಕೆ ನಿಂತಿದೆ.

ಜೊತೆಗೆ ಬಂದ ಮೆಕ್ಯಾನಿಕ್ ಮರುಳಾಗಲಿಲ್ಲ. ಟಾಪು ಮುಚ್ಚಿಸಿ ಪೈಪಿನಿಂದ ನೀರು ಬಿಟ್ಟ, ಸೀಟು ಒದ್ದೆ! ಅಡಿಗೆ ತೂರಿ ಕುಟ್ಟಿದ, ತುಕ್ಕು ಉದುರಿತು.

“ಫೈಬರ್‌ಗೆ ತುಕ್ಕು ಹಿಡಿಯಲ್ಲ ಗುರು, ಅದರಡಿ ಕಬ್ಬಿಣಕ್ಕೆ ಹಿಡಿಯುತ್ತೆ. ಸ್ಪೇರ್ ಪಾರ್ಟ್ ಎಲ್ಲಿಂದ ತರ್ತೀಯಾ?”

ಕೈಯಲ್ಲಿದ್ದದ್ದು ಐದು ವರ್ಷ ಕೂಡಿಟ್ಟ ದುಡ್ಡು. ಮನೆಯಲ್ಲಿ ನಾವು ಮೂವರು. ಕಾರಲ್ಲಿ ಸೀಟು ಎರಡು. ಅಮ್ಮನನ್ನು ಬಿಡಲೋ, ತಂಗಿಯನ್ನು ಬಿಡಲೋ?

ಒಂದೇ ಸುತ್ತು ಹೊಡೆದು ಕೀ ವಾಪಸ್ ಕೊಟ್ಟೆ. ಬಸ್ಸಿನ ಕಿಟಕಿ ಪಕ್ಕ ಕೂತು ಊರಿಗೆ ಬಂದೆ. ಗಾಳಿ ಮಾತ್ರ ಅದೇ ಗಾಳಿ ಸ್ವಾಮೀ!