ದಾನಿಯ ಮೂಳೆಯೊಳಗೆ ಐದು ದಿನ

ಬೆಂಗಳೂರಿನ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರದ ಕಡೆ ರಾಜ್ಯೋತ್ಸವ ಬಂತೆಂದರೆ ರಕ್ತದಾನ ಶಿಬಿರಗಳಿಗೆ ಬರವಿಲ್ಲ. ಅಲ್ಲಿ ನಿಶ್ಚಿಂತೆಯಿಂದ ತೋಳು ಚಾಚುವವರು ಕೂಡ ಸ್ಟೆಮ್ ಸೆಲ್ ದಾನ ಎಂದರೆ ಹಿಂಜರಿಯುತ್ತಾರೆ. ಬೆನ್ನುಮೂಳೆಗೆ ಸೂಜಿ ಹಾಕುತ್ತಾರೆ, ಮಜ್ಜೆ ಖಾಲಿಯಾಗುತ್ತದೆ ಎಂಬ ಭಯ. ಎರಡೂ ನಿಜವಲ್ಲ.

ಕೆಂಪು ಕಣ, ಬಿಳಿ ಕಣ, ಪ್ಲೇಟ್‌ಲೆಟ್ ಎಲ್ಲವೂ ಹುಟ್ಟುವುದು ಅಸ್ಥಿಮಜ್ಜೆಯ ಆಕರಕೋಶಗಳಿಂದ, ಅಂದರೆ ಸ್ಟೆಮ್ ಸೆಲ್‌ಗಳಿಂದ. ಇವು ಸಾಮಾನ್ಯವಾಗಿ ಮಜ್ಜೆ ಬಿಟ್ಟು ಕದಲುವುದಿಲ್ಲ. ರಕ್ತದಲ್ಲಿ ಓಡಾಡುವವು ತೀರಾ ಕಡಿಮೆ. ಅವನ್ನು ರಕ್ತಕ್ಕೆ ಇಳಿಸಲು ದಾನಿಗೆ ನಾಲ್ಕೈದು ದಿನ ಜಿ-ಸಿಎಸ್‌ಎಫ್ ಎಂಬ ಬೆಳವಣಿಗೆ ಅಂಶದ ಚುಚ್ಚುಮದ್ದು ಕೊಡುತ್ತಾರೆ. ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 10 ಮೈಕ್ರೋಗ್ರಾಂ. ಅಂದರೆ 60 ಕಿಲೋ ತೂಗುವವರಿಗೆ ಒಂದು ಗ್ರಾಮಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ. ಸೋಂಕು ತಗುಲಿದಾಗ ನಮ್ಮ ದೇಹ ತಾನೇ ತಯಾರಿಸುವ ಪ್ರೋಟೀನು ಇದು. ಇದರ ವಂಶವಾಹಿಯನ್ನು ವಿಜ್ಞಾನಿಗಳು ಬೇರ್ಪಡಿಸಿದ್ದು 1986ರಲ್ಲಿ. ಔಷಧವಾಗಿ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1991ರಲ್ಲಿ.

ಸ್ವಾರಸ್ಯವಿರುವುದು ಮದ್ದು ಕೆಲಸ ಮಾಡುವ ಬಗೆಯಲ್ಲಿ. ಮಜ್ಜೆಯಲ್ಲಿ ಸಿಎಕ್ಸ್‌ಸಿಎಲ್12 ಎಂಬ ರಾಸಾಯನಿಕ ಸಂಕೇತವಿದೆ. ಆಕರಕೋಶದ ಮೈಮೇಲಿನ ಗ್ರಾಹಿ ಅದನ್ನು ಹಿಡಿದುಕೊಂಡಿರುತ್ತದೆ, ಗೂಟಕ್ಕೆ ಕಟ್ಟಿದ ಕರುವಿನಂತೆ. ಜಿ-ಸಿಎಸ್‌ಎಫ್ ಆಕರಕೋಶವನ್ನು ನೇರವಾಗಿ ಎಬ್ಬಿಸುವುದಿಲ್ಲ, ಅದರ ನೆರೆಹೊರೆಯನ್ನು ಬದಲಿಸುತ್ತದೆ. ಮೂಳೆ ಕಟ್ಟುವ ಕೋಶಗಳು ಸುಮ್ಮನಾಗುತ್ತವೆ, ಸಂಕೇತದ ಉತ್ಪಾದನೆ ಕುಸಿಯುತ್ತದೆ. ಹಿಡಿತ ತಪ್ಪಿದ ಆಕರಕೋಶಗಳು ರಕ್ತಕ್ಕೆ ಇಳಿಯುತ್ತವೆ. ಇಲಿಗಳಲ್ಲಿ ನಡೆದ ಪ್ರಯೋಗಗಳಲ್ಲಿ ಜಿ-ಸಿಎಸ್‌ಎಫ್‌ನ ಗ್ರಾಹಿಯೇ ಇಲ್ಲದ ಆಕರಕೋಶಗಳೂ ಹೀಗೆ ಹೊರಬಂದವು.

ಐದನೆಯ ದಿನ ಒಂದು ತೋಳಿನಿಂದ ರಕ್ತ ಯಂತ್ರಕ್ಕೆ ಹರಿದು, ಆಕರಕೋಶಗಳು ಬೇರ್ಪಟ್ಟು, ಉಳಿದದ್ದು ಇನ್ನೊಂದು ತೋಳಿಗೆ ಮರಳುತ್ತದೆ. ನಾಲ್ಕರಿಂದ ಆರು ಗಂಟೆಯ ಕೆಲಸ. ರಕ್ತ ಹೆಪ್ಪುಗಟ್ಟದಂತೆ ಬೆರೆಸುವ ಸಿಟ್ರೇಟ್ ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುವುದರಿಂದ ತುಟಿ ಜುಮ್ಮೆನ್ನಬಹುದು. ಕ್ಯಾಲ್ಸಿಯಂ ಕೊಟ್ಟರೆ ಸರಿಹೋಗುತ್ತದೆ.

ತೊಂದರೆಯೇ ಇಲ್ಲವೆಂದಲ್ಲ. ಚುಚ್ಚುಮದ್ದಿನ ದಿನಗಳಲ್ಲಿ ಸೊಂಟ, ಬೆನ್ನಿನ ಮೂಳೆ ನೋಯುತ್ತದೆ, ತಲೆ ಸಿಡಿಯುತ್ತದೆ, ಪ್ಯಾರಾಸಿಟಮಾಲ್ ಸಾಕಾಗುತ್ತದೆ. ಗುಲ್ಮ ಕೊಂಚ ಊದಿಕೊಳ್ಳುತ್ತದೆ, ತೀರಾ ಅಪರೂಪಕ್ಕೆ ಒಡೆದದ್ದೂ ಉಂಟು. ಹಾಗಾಗಿ ಆ ದಿನಗಳಲ್ಲಿ ಕಬಡ್ಡಿಯಂಥ ಆಟ ಬೇಡ. ಹೊಟ್ಟೆಯ ಎಡ ಮೇಲ್ಭಾಗದಲ್ಲಿ ನೋವು ಕಂಡರೆ ತಡಮಾಡದೆ ವೈದ್ಯರಿಗೆ ತಿಳಿಸಬೇಕು. ರಕ್ತದ ಎಣಿಕೆ ಕೆಲವೇ ವಾರಗಳಲ್ಲಿ ಮೊದಲಿನಂತಾಗುತ್ತದೆ. ಮಜ್ಜೆಯಲ್ಲಿ ಉಳಿದ ಆಕರಕೋಶಗಳು ವಿಭಜಿಸಿ ಕೊರತೆ ತುಂಬುತ್ತವೆ. ಈ ಮದ್ದಿನಿಂದ ದಾನಿಗೆ ರಕ್ತದ ಕ್ಯಾನ್ಸರ್ ಬರುತ್ತದೆಯೇ ಎಂದು ಸಾವಿರಾರು ದಾನಿಗಳನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನಗಳಲ್ಲಿ ಅಂಥ ಹೆಚ್ಚಳ ಕಂಡುಬಂದಿಲ್ಲ.

ಲ್ಯುಕೇಮಿಯಾ, ಥಲಸ್ಸೇಮಿಯಾದಿಂದಾಗಿ ಈ ಆಕರಕೋಶಗಳು ಬೇಕಾದ ಮಗುವಿಗೆ ಒಡಹುಟ್ಟಿದವರ ಅಂಗಾಂಶ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು ಮಾತ್ರ. ಉಳಿದವರಿಗೆ ಹೊಂದುವ ದಾನಿ ಸಿಗುವುದು ಹೆಚ್ಚಾಗಿ ಅದೇ ನೆಲದ, ಅದೇ ಸಮುದಾಯದ ಜನರಲ್ಲಿ. ಜರ್ಮನಿಯ ಡಿಕೆಎಂಎಸ್, ನಮ್ಮ ಬೆಂಗಳೂರು ಮೆಡಿಕಲ್ ಸರ್ವೀಸಸ್ ಟ್ರಸ್ಟ್ ಸೇರಿ 2019ರಲ್ಲಿ ಈ ಊರಿನಲ್ಲೇ ಆರಂಭಿಸಿದ ಸಂಸ್ಥೆಯಂಥ ದಾನಿ ನೋಂದಣಿ ಕೇಂದ್ರಗಳಿವೆ. ಕೆನ್ನೆಯ ಒಳಭಾಗಕ್ಕೆ ಹತ್ತಿ ಸವರಿ ಕೊಟ್ಟರೆ ಆಯಿತು. ಆರೋಗ್ಯವಂತ ಯುವಜನರೇ, ಮುಂದಿನ ಶಿಬಿರಕ್ಕೆ ಹೋದಾಗ ರಕ್ತದ ಜೊತೆಗೆ ನಿಮ್ಮ ಹೆಸರನ್ನೂ ಕೊಟ್ಟು ಬನ್ನಿ.